ಖಾಲಿ ಗಾಡಾದ ಓಟ: ಹೊಲದಿಂದ ಪಂದ್ಯದ ಬಯಲಿಗೆ

ಯಾವ ಪಂದ್ಯದ ಚರಿತ್ರೆಯನ್ನಾದರೂ ಬರೆಯಹೊರಟವನು, ಪಂದ್ಯವಿಲ್ಲದ ದಿನಗಳಲ್ಲಿ ಅದರ ವಾಹನವು ಏನು ಮಾಡುತ್ತಿತ್ತೆಂಬುದನ್ನು ಮೊದಲು ವಿಚಾರಿಸುವುದು ಲೇಸು. ಧಾರವಾಡ ಸೀಮೆಯ ಚಕ್ಕಡಿಯು ವರ್ಷದ ಬಹುಭಾಗ ತಿಪ್ಪೆಯ ಗೊಬ್ಬರ ಹೇರುತ್ತಿತ್ತು, ಕಣಿಕೆ ಹೊಟ್ಟುಗಳನ್ನು ಬಣಿವೆಗೆ ತರುತ್ತಿತ್ತು, ನವಲಗುಂದ ಅಣ್ಣಿಗೇರಿಗಳ ಎರೆಹೊಲದ ಹತ್ತಿಯನ್ನು ಹುಬ್ಬಳ್ಳಿಯ ಪೇಟೆಗೆ ಮುಟ್ಟಿಸುತ್ತಿತ್ತು. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿ, ತಂಬೂರುಗಳ ಕಡೆಗೆ ಬಂದರೆ ಭತ್ತದ ಚೀಲವನ್ನೂ ಕಾಡಿನ ಕಟ್ಟಿಗೆಯನ್ನೂ ಹೊರುತ್ತಿತ್ತು. ಬಸವಣ್ಣನ ಜಾತ್ರೆ ಬಂತೆಂದರೆ ಅದೇ ಚಕ್ಕಡಿಯು ತೊಳೆದು ಮೈ ಒರೆಸಿಕೊಂಡು ಹೆಂಗಸರು ಮಕ್ಕಳ ಸವಾರಿಗಾಡಿಯಾಗುತ್ತಿತ್ತು. ಇಂತಹ ಸವಾರಿಗಳು ಸಾಲುಗಟ್ಟಿ ಮರಳುವಾಗ ಹಿಂದಿನವನು ಮುಂದಿನವನನ್ನು ದಾಟಬೇಕೆಂದು ಹಗ್ಗ ಸಡಿಲಿಸಿದ ಯಾವುದೋ ಸಂಜೆಯಲ್ಲಿ ಗಾಡಿಯ ಓಟವು ಹುಟ್ಟಿತೆಂದು ಊಹಿಸುವುದಕ್ಕೆ ಅಡ್ಡಿಯಿಲ್ಲ.

ಊಹೆಯ ಹಂಗಿಲ್ಲದೆ ಹೇಳಬಹುದಾದ ವಾರ್ಷಿಕ ಓಟವೆಂದರೆ ಜ್ಯೇಷ್ಠಮಾಸದ ಕಾರಹುಣ್ಣಿಮೆಯಂದು ನಡೆಯುವ ಕರಿ ಹರಿಯುವ ಆಚರಣೆ. ಆ ದಿನ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಝೂಲ ಗೆಜ್ಜೆಸರಗಳಿಂದ ಸಿಂಗರಿಸಿ, ಇಳಿಹೊತ್ತಿನಲ್ಲಿ ಊರ ಅಗಸಿಯ ಕಡೆಗೆ ಓಡಿಸುತ್ತಾರೆ. ಅಲ್ಲಿ ಅಡ್ಡಲಾಗಿ ಕಟ್ಟಿದ ಕರಿಯೆಂಬ ತೋರಣವನ್ನು ಮೊದಲು ಹರಿದ ಎತ್ತು ಬಿಳಿದಾಗಿದ್ದರೆ ಹಿಂಗಾರಿ ಪೈರು, ಕೆಂದಾಗಿದ್ದರೆ ಮುಂಗಾರಿ ಪೈರು ಹುಲುಸೆಂದು ಹಿರಿಯರು ಎಣಿಸುತ್ತಾರೆ. ಇಲ್ಲಿ ಗಾಡಿಯೂ ಇಲ್ಲ, ಬಹುಮಾನವೂ ಇಲ್ಲ. ಗೆದ್ದ ಎತ್ತಿನ ಒಡೆಯನಿಗಿಂತ ಅದರ ಬಣ್ಣಕ್ಕೇ ಹೆಚ್ಚಿನ ಮಹತ್ತ್ವ. ಸ್ಪರ್ಧೆಯ ಬೀಜವು ಇದರಲ್ಲಿ ಅಡಗಿತ್ತೆಂಬುದು ನಿಜವಾದರೂ, ಇದನ್ನೇ ಇಂದಿನ ಪಂದ್ಯದ ನೇರ ಪೂರ್ವಜನೆಂದು ಸಾಧಿಸಹೊರಡುವ ಉತ್ಸಾಹಿಗಳ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಕರಿ ಹರಿಯುವುದು ಬಿತ್ತನೆಯ ಹೊತ್ತಿನ ಶಕುನ. ಗಾಡಿಯ ಪಂದ್ಯವೋ ಸುಗ್ಗಿ ಮುಗಿದು, ಹೊಲ ಬರಿದಾಗಿ, ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲದ ವಿನೋದ.

ಹಳೆಯ ಚಕ್ಕಡಿಯು ಓಟಕ್ಕೆಂದು ನಿರ್ಮಿತವಾದುದಲ್ಲ. ಬಡಿಗನು ಜಾಲಿಯ ಗಟ್ಟಿ ಕಟ್ಟಿಗೆಯಿಂದ ಗುಂಬವನ್ನೂ ಅರಗಳನ್ನೂ ಕಡೆದು ಜೋಡಿಸಿದ ಮೇಲೆ, ಕಂಬಾರನು ಕೆಂಪಗೆ ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಗಾಲಿಗೆ ಏರಿಸಿ ನೀರು ಸುರಿಯುತ್ತಿದ್ದನು. ಹೊಗೆ ಉಗಿಗಳ ನಡುವೆ ಪಟ್ಟಿಯು ಕುಗ್ಗಿ ಗಾಲಿಯ ಸಂದುಗಳೆಲ್ಲ ಬಿಗಿದುಕೊಳ್ಳುತ್ತಿದ್ದವು. ಮಳೆಗಾಲದ ಎರೆಮಣ್ಣಿನಲ್ಲಿ ಗುಂಬದವರೆಗೆ ಹೂತರೂ ಮುರಿಯದಿರುವುದೇ ಆ ಗಾಲಿಯ ಯೋಗ್ಯತೆಯಾಗಿದ್ದಿತೇ ಹೊರತು ಹಗುರಾಗಿ ಹಾರುವುದಲ್ಲ. ಮುಂದೆ ರಬ್ಬರಿನ ಟೈರು ಬಂದಿತು. ಅದರ ಬೆನ್ನ ಹಿಂದೆಯೇ ಟ್ರ್ಯಾಕ್ಟರು ಬಂದು ಹೇರು ಹೊರುವ ಕೆಲಸವನ್ನು ಚಕ್ಕಡಿಯ ಕೈಯಿಂದ ಕಸಿದುಕೊಂಡಿತು. ಚಕ್ಕಡಿಗೆ ಕೆಲಸ ತಪ್ಪುತ್ತ ಬಂದ ಈ ಕಾಲದಲ್ಲಿಯೇ ಪಂದ್ಯಕ್ಕೆ ರಂಗೇರಿತೆಂಬುದು ಗಮನಾರ್ಹವಾದ ಸಂಗತಿ.

ಚಿಕ್ಕೋಡಿಯ ಕಡೆಯವರು ಶರ್ಯತ್ತೆಂದು ಕರೆಯುವ ಓಟದಲ್ಲಿ ಗಾಡಿಗಳು ಜೊತೆಜೊತೆಯಾಗಿ ಹೊರಡುವುದುಂಟು. ಧಾರವಾಡದ ಹಳ್ಳಿಗಳಲ್ಲಿ ಬೇರೂರಿದ ಖಾಲಿ ಗಾಡಾ ಓಡಿಸುವ ಸ್ಪರ್ಧೆಯ ರೀತಿ ಬೇರೆ. ಇಕ್ಕೆಲದ ತಡಿಕೆಗಳಿಲ್ಲದ, ಸರಕಿಲ್ಲದ, ಮೂಕಿ ನೊಗ ಗಾಲಿಗಳಷ್ಟೇ ಉಳಿದಂತೆ ತೋರುವ ಗಾಡಾಕ್ಕೆ ಜೋಡೆತ್ತು ಹೂಡಿ, ಒಂದೊಂದೇ ಜೋಡಿಯನ್ನು ಬಯಲಿಗೆ ಬಿಡುತ್ತಾರೆ. ನಿಶಾನೆ ಬಿದ್ದೊಡನೆ ಗಡಿಯಾರ ಆರಂಭವಾಗಿ, ಒಂದು ನಿಮಿಷ ತುಂಬಿ ಸೀಟಿ ಊದಿದಾಗ ಗಾಡಾವು ಎಲ್ಲಿತ್ತೋ ಅಲ್ಲಿಗೆ ಗುರುತು ಹಾಕಿ, ಟೇಪು ಹಿಡಿದು ಅಡಿ ಇಂಚುಗಳಲ್ಲಿ ಅಳೆದು, ಧ್ವನಿವರ್ಧಕದಲ್ಲಿ ಸಾರುತ್ತಾರೆ. ಎದುರಾಳಿಯು ಕಣ್ಣೆದುರಿಗಿಲ್ಲ, ಅವನು ಬಿಟ್ಟುಹೋದ ಅಳತೆಯೊಂದೇ ಇದೆ. ಆದುದರಿಂದ ಗಾಡಾ ಹೊಡೆಯುವವನ ಕೌಶಲವೆಲ್ಲ ಎತ್ತುಗಳೆರಡೂ ಸಮನಾಗಿ ಹೆಜ್ಜೆಯಿಟ್ಟು ಮೂಕಿಯು ಓರೆಯಾಗದಂತೆ ನೋಡಿಕೊಳ್ಳುವುದರಲ್ಲಿದೆ. ಓಟ ಓರೆಯಾಯಿತೆಂದರೆ ಅಡಿಗಳು ವ್ಯರ್ಥವಾದುವೆಂದೇ ಅರ್ಥ. ನೇರ ಓಡುವ ಸಾಧಾರಣ ಜೋಡಿಯು ಅಡ್ಡಾದಿಡ್ಡಿ ಓಡುವ ಬಲಿಷ್ಠ ಜೋಡಿಯನ್ನು ಸೋಲಿಸುವುದು ಹೀಗೆಯೇ. ಬೆಳ್ಳಿಯ ಕಡಗ, ಪಟಕಗಳಿದ್ದ ಬಹುಮಾನದ ಪೀಠದಲ್ಲಿ ಈಗ ಬಂಗಾರವೂ ಮೋಟಾರ್ ಸೈಕಲ್ಲೂ ಕುಳಿತಿವೆ.

ದೂರದ ಅಮೆರಿಕೆಯಲ್ಲಿಯೂ ಇಂತಹುದೇ ಒಂದು ಪರಿವರ್ತನೆ ನಡೆಯಿತೆಂಬುದನ್ನು ಇಲ್ಲಿ ನೆನೆಯಬಹುದು. ಫ್ಲಾರಿಡಾದ ಡೇಟೋನಾ ಕಡಲತೀರದಲ್ಲಿ 1936ರಲ್ಲಿ ಮರಳ ಮೇಲೆ ಓಡಿದವು ಅಂಗಡಿಯಲ್ಲಿ ದೊರೆಯುವ ದಿನಬಳಕೆಯ ಮೋಟಾರುಗಳು. 1948ರಲ್ಲಿ ಬಿಲ್ ಫ್ರಾನ್ಸ್ ಎಂಬವನ ಮುಂದಾಳುತನದಲ್ಲಿ, ಇಂತಹ ಮೋಟಾರುಗಳ ಪಂದ್ಯ ನಡೆಸುವ ನ್ಯಾಸ್ಕಾರ್ ಸಂಸ್ಥೆಯು ಸ್ಥಾಪಿತವಾಯಿತು. 1959ರಲ್ಲಿ ಮೊದಲ ಡೇಟೋನಾ 500 ಪಂದ್ಯ ನಡೆದಾಗ, ಲೀ ಪೆಟ್ಟಿಯೇ ಗೆದ್ದನೆಂದು ಛಾಯಾಚಿತ್ರಗಳನ್ನು ಪರೀಕ್ಷಿಸಿ ನಿರ್ಣಯಿಸಲು ಮೂರು ದಿನ ಹಿಡಿಯಿತು. ಇಂದು ಅಲ್ಲಿ ಓಡುವ ಕಾರು ಪೇಟೆಯ ಕಾರಿನ ಹೆಸರನ್ನೂ ಚಹರೆಯನ್ನೂ ಮಾತ್ರ ಉಳಿಸಿಕೊಂಡಿದೆ. ನಮ್ಮ ಗಾಡಾವೂ ಅಷ್ಟೇ: ಅದರಲ್ಲಿ ಯಾರೂ ಗೊಬ್ಬರ ಹೇರುವುದಿಲ್ಲ. ಪಂದ್ಯದ ಎತ್ತುಗಳಾದರೋ ರಂಟೆ ಕುಂಟೆಗಳ ಕಾಟವಿಲ್ಲದೆ, ಹುರುಳಿ, ಹಿಂಡಿ, ಹಾಲು, ಮೊಟ್ಟೆಗಳನ್ನು ಉಂಡು, ಕೆರೆಯಲ್ಲಿ ಈಜಿ, ಪೈಲವಾನರಂತೆ ಬೆಳೆಯುತ್ತವೆ.

ಈ ವೈಭವದ ನಡುವೆ ಕಾನೂನು ಬಂದು ಕದ ತಟ್ಟಿತು. ರುಕ್ಮಿಣಿದೇವಿ ಅರುಂಡೇಲರ ಪ್ರಯತ್ನದ ಫಲವಾಗಿ ರೂಪುಗೊಂಡ 1960ರ ಪ್ರಾಣಿಹಿಂಸಾ ತಡೆ ಕಾಯಿದೆಯು ಅರ್ಧಶತಮಾನ ಈ ಆಟಗಳ ಗೊಡವೆಗೆ ಹೋಗಿರಲಿಲ್ಲವೆಂದೇ ಹೇಳಬೇಕು. 2011ರಲ್ಲಿ ಕೇಂದ್ರ ಸರಕಾರವು ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಹೋರಿಯನ್ನು ಸೇರಿಸಿತು. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟನ್ನೂ ಬಂಡಿಯ ಓಟವನ್ನೂ ನಿಷೇಧಿಸಿತು. ಬಾಲ ಕಚ್ಚುವುದು, ಮೊಳೆಯ ಕೋಲಿನಿಂದ ತಿವಿಯುವುದು, ಹೆಂಡ ಕುಡಿಸುವುದು ಮೊದಲಾದ ಕ್ರೌರ್ಯಗಳು ಪಂದ್ಯದ ಬಯಲುಗಳಲ್ಲಿ ನಡೆದುದು ಸುಳ್ಳಲ್ಲವಾದುದರಿಂದ, ಆ ತೀರ್ಪನ್ನು ಪಟ್ಟಣಿಗರ ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ತಮಿಳುನಾಡಿನ ಚಳವಳಿಯ ಬೆನ್ನಿಗೆ, ಕರಾವಳಿಯ ಕಂಬಳದ ಒತ್ತಾಯದಿಂದ, ಕರ್ನಾಟಕ ವಿಧಾನಮಂಡಲವು 2017ರಲ್ಲಿ ಆ ಕಾಯಿದೆಯ ತಿದ್ದುಪಡಿಗೆ ಒಪ್ಪಿಗೆಯಿತ್ತಿತು. 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನಪೀಠವು ಅದನ್ನು ಎತ್ತಿಹಿಡಿಯಿತು. ಕಂಬಳದ ಹೆಸರು ಎಲ್ಲರ ಬಾಯಲ್ಲಿದ್ದರೂ, ಅದೇ ತಿದ್ದುಪಡಿಯಲ್ಲಿ ಎತ್ತಿನ ಗಾಡಿಯ ಓಟವೂ ಸೇರಿದ್ದುದರಿಂದ ಬಯಲುಸೀಮೆಯವರು ಸದ್ದಿಲ್ಲದೆ ಬಚಾವಾದರು.

ಆ ತಿದ್ದುಪಡಿ ಕಾಯಿದೆಯು ತಾನು ಸಾಧಿಸಬಯಸುವ ಉದ್ದೇಶಗಳಲ್ಲಿ ದೇಸಿ ತಳಿಗಳ ಉಳಿವನ್ನೂ ಹೇಳುತ್ತದೆ. ನನ್ನ ಶಂಕೆ ಇರುವುದು ಇಲ್ಲಿ. ನಿಮಿಷದ ಓಟದಲ್ಲಿ ಮೆರೆಯುವುದು ಖಿಲಾರಿ: ನೀಳಕಾಲು, ಬಿಗಿಮೈ, ಸಿಡುಕು ಸ್ವಭಾವ. ಸಾಂಗಲಿ, ಜಮಖಂಡಿ ಸಂಸ್ಥಾನಗಳ ಅರಸರು ಹತ್ತೊಂಬತ್ತನೆಯ ಶತಮಾನದಲ್ಲಿ ಪೋಷಿಸಿ ಬೆಳೆಸಿದ ಕೃಷ್ಣಾ ತೀರದ ತಳಿಯು ಇದಕ್ಕೆ ತೀರ ವಿರುದ್ಧವಾದುದು; ಸ್ಥೂಲಕಾಯದ, ಮಂದಗತಿಯ, ಎರೆಹೊಲದ ಆಳ ಉಳುಮೆಗೆಂದೇ ರೂಪಿಸಿದ ಎತ್ತು. ಸ್ವಾತಂತ್ರ್ಯಪೂರ್ವದಲ್ಲಿ ನಮ್ಮ ಕುಂದಗೋಳವೂ ಜಮಖಂಡಿಯ ಆಳ್ವಿಕೆಗೇ ಸೇರಿದ್ದಿತು. ಆ ತಳಿಯು ಇಂದು ವಿರಳವಾಗಿದೆ. ಭಾರದ ಕಲ್ಲು ಎಳೆಯುವ ಸ್ಪರ್ಧೆಯಲ್ಲಾದರೂ ಅದಕ್ಕೊಂದು ಅವಕಾಶವಿದ್ದೀತು; ಆದರೆ ಜನ ಮುಗಿಬೀಳುವುದು ಓಟಕ್ಕೆ, ದೊಡ್ಡ ಬಹುಮಾನಗಳನ್ನು ಇಡುವುದೂ ಓಟಕ್ಕೆ. ಗಾಡಾ ಸ್ಪರ್ಧೆಯನ್ನು ಏರ್ಪಡಿಸುವ ಜಾತ್ರಾ ಸಮಿತಿಗಳು ಮೋಟಾರ್ ಸೈಕಲ್ಲುಗಳಲ್ಲಿ ಒಂದನ್ನು ನಿಧಾನದ ಎತ್ತಿಗಾಗಿ ತೆಗೆದಿಟ್ಟರೆ, ಅಂತಹ ಎತ್ತನ್ನು ಕಟ್ಟುವ ಧೈರ್ಯ ಮಾಡುವ ರೈತನೊಬ್ಬನಾದರೂ ಕುಂದಗೋಳ, ನವಲಗುಂದಗಳ ಕಡೆ ಸಿಕ್ಕಾನು.