ಗೆಂಡೆಗೆ ಗರಿಯ ಗಾಳ: ನದಿಯಿಂದ ಕೆರೆಯವರೆಗೆ

ಚಿತ್ರದುರ್ಗ ಸೀಮೆಯ ಕೆರೆ ಏರಿಗಳ ಮೇಲೆ ಗಾಳ ಹಾಕುವವರ ಸರಂಜಾಮು ಸರಳ. ಬಿದಿರಿನ ಕಡ್ಡಿ, ಬೆಂಡು, ಎರೆಹುಳು, ಇಲ್ಲವೇ ಹಿಟ್ಟಿನ ಉಂಡೆ. ಕೊಕ್ಕೆಗೆ ಗರಿ, ನೂಲು ಸುತ್ತಿ ಕಟ್ಟಿದ ಹುಸಿ ಹುಳುವನ್ನೆಸೆದು ಗೆಂಡೆ ಮೀನು ಹಿಡಿಯುವ ಫ್ಲೈ ಫಿಶಿಂಗ್ ಇಲ್ಲಿ ಬೇರೂರಿಲ್ಲ. ಆದರೆ ಅದಕ್ಕೆ ತಕ್ಕ ಮೀನೂ ನೀರೂ ತುರುವನೂರಿನಂಥ ಬಯಲುಸೀಮೆಯ ಊರುಗಳಲ್ಲೇ ಇವೆ ಎಂಬುದು ನನ್ನ ನಂಬಿಕೆ.

ಗಾಳವನ್ನು ವಿನೋದವಾಗಿ ಕಂಡದ್ದು ನಮ್ಮಲ್ಲಿ ಹೊಸತೇನಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೇ ಒಂದು ಭಾಗವಿದೆ. ಇಂಗ್ಲೆಂಡಿನ ಐಸಾಕ್ ವಾಲ್ಟನ್ನನ ಹೆಸರಾಂತ ಗಾಳದ ಪುಸ್ತಕ ಬಂದದ್ದು 1653ರಲ್ಲಿ, ಅಂದರೆ ಐದು ಶತಮಾನಗಳ ನಂತರ.

ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ‘ದ ರಾಡ್ ಇನ್ ಇಂಡಿಯಾ’ ಪ್ರಕಟಿಸಿದ. 1887ರಲ್ಲಿ ಕೆರೆಗಳಲ್ಲಿ ಗಾಳ ಹಾಕುವುದರ ಬಗ್ಗೆಯೇ ಇನ್ನೊಂದು ಪುಸ್ತಕ ಬರೆದ. ಆದರೆ ಗಾಳಗಾರರ ಕಣ್ಣು ನೆಟ್ಟದ್ದು ನದಿಯ ಮೇಲೆ, ಗೆಂಡೆಯ ಕುಲಕ್ಕೇ ಸೇರಿದ ಮಹಶೀರ್ ಮೇಲೆ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ 120 ಪೌಂಡಿನ ಮಹಶೀರ್ ಹಿಡಿದ. ಮುಂದೆ ಕಾವೇರಿ ಸೀಮೆ ಜಗತ್ತಿನ ಗಾಳಗಾರರಿಗೆ ಯಾತ್ರಾಸ್ಥಳವಾಯಿತು. ಅಲ್ಲಿ ಗೆದ್ದದ್ದು ರಾಗಿಹಿಟ್ಟಿನ ಮುದ್ದೆ. ಅದಿರುವಾಗ ಗರಿಯ ಹುಳುವನ್ನು ಕೇಳುವವರು ಯಾರು?

ಆ ಕಾಲ ಮುಗಿದ ಬಗೆ ನೋವಿನದು. ಮಹಶೀರ್ ಉಳಿಸಲೆಂದು ಮಹಾರಾಷ್ಟ್ರದ ಲೋಣಾವಳದಲ್ಲಿ ಬೆಳೆಸಿದ ಬೇರೆ ಜಾತಿಯ ಮರಿಗಳನ್ನು ಕಾವೇರಿಗೆ ಬಿಟ್ಟರು. ಅವು ಹೆಚ್ಚಿದಂತೆ ಇಲ್ಲಿಯದೇ ಆದ ಗೂನುಬೆನ್ನಿನ ಮಹಶೀರ್ ಕ್ಷೀಣಿಸಿತು. 2018ರಲ್ಲಿ ಅದು ‘ಟಾರ್ ರೆಮಾದೇವಿ’ ಎಂದು ಗುರುತಾಯಿತು, ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. ಒಳ್ಳೆಯ ಉದ್ದೇಶವೊಂದೇ ಸಾಲದು.

ಅತ್ತ ಕೆರೆಗಳ ಕಥೆ ಬೇರೆಯೇ ಹಾದಿ ಹಿಡಿದಿತ್ತು. ಕಾಟ್ಲಾ, ರೋಹು, ಮೃಗಾಲ್ ಹರಿಯುವ ನೀರಿನ ಮೀನುಗಳು, ನಿಂತ ನೀರಲ್ಲಿ ತಾವಾಗಿ ಮರಿ ಮಾಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧರಿ ಚುಚ್ಚುಮದ್ದಿನಿಂದ ಅವುಗಳ ಸಂತಾನೋತ್ಪತ್ತಿ ಮಾಡಿಸಿದ ನಂತರವೇ ಮರಿ ಬಿತ್ತನೆ ಊರೂರಿಗೆ ಹರಡಲು ದಾರಿಯಾದದ್ದು. ಅದೇ ವರ್ಷ ಬ್ಯಾಂಕಾಕಿನಿಂದ ಬಂದ ಸಾಮಾನ್ಯ ಗೆಂಡೆ ನಿಂತ ನೀರಿನಲ್ಲೂ ಮೊಟ್ಟೆಯಿಡುತ್ತದೆ. ಮಳೆ ನೆಚ್ಚಿಕೊಂಡ ಕೆರೆಗಳ ನಾಡಿಗೆ ಇವು ದೊಡ್ಡ ಕೊಡುಗೆಗಳು. ಇದೇ ಜಿಲ್ಲೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನೀರಿನ ನಂಬಿಕೆ ಇಲ್ಲಿ ಅಷ್ಟೇ.

ಗರಿಯ ಹುಳುವಿಗೆ ಹೇಳಿ ಮಾಡಿಸಿದ್ದು ಈ ಸಾಮಾನ್ಯ ಗೆಂಡೆಯೇ. ಕಾಟ್ಲಾ ಮೇಲ್ನೀರಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಮೀನು, ಅದಕ್ಕೆ ಹುಳುವಿನ ಆಸೆ ತೋರಿಸುವುದು ಕಷ್ಟ. ಗೆಂಡೆ ಹಾಗಲ್ಲ, ಆಳವಿಲ್ಲದ ಅಂಚಿಗೆ ಬಂದು ತಲೆ ತಗ್ಗಿಸಿ ಕೆಸರು ಕೆದಕುತ್ತದೆ. ಬಾಯಂಚಿನ ಎರಡು ಜೊತೆ ಮೀಸೆಯಿಂದ ತಡವಿ, ಬಾಯನ್ನು ಕೊಳವೆಯಂತೆ ಮುಂದೆ ಚಾಚಿ ಹೀರಿ, ಬೇಡದ್ದನ್ನು ಉಗುಳುತ್ತದೆ. ನೀರು ರಾಡಿಯಾಗಿ ಗುಳ್ಳೆ ಏಳುತ್ತಿದ್ದರೆ ಅಲ್ಲಿ ಗೆಂಡೆ ಮೇಯುತ್ತಿರಬಹುದು. ಅದರ ಮುಂದೆ ಒಂದಿಷ್ಟು ದೂರಕ್ಕೆ ಹುಳು ಬೀಳಬೇಕು, ಸದ್ದಿಲ್ಲದೆ ತಳಕ್ಕೆ ಇಳಿಯಬೇಕು. ಗೆಂಡೆಯ ಕಿವಿ ಚುರುಕು, ದಡದ ಹೆಜ್ಜೆಯ ಕಂಪನಕ್ಕೇ ಓಡುತ್ತದೆ. ಅಮೆರಿಕದಲ್ಲಿ ಕಸದ ಮೀನೆಂದು ಬಹುಕಾಲ ಹಳಿಸಿಕೊಂಡ ಈ ಗೆಂಡೆ, 1990ರ ದಶಕದಿಂದೀಚೆಗೆ ಅಲ್ಲಿನ ಫ್ಲೈ ಗಾಳಗಾರರ ಗೌರವ ಗಳಿಸಿದ್ದು ಈ ಎಚ್ಚರದಿಂದಲೇ.

ಕಲಿಯಲು ಆಸೆಯಿರುವವರು ಮೊದಲು ಕೆರೆಯ ಮೀನು ಹಕ್ಕು ಪಡೆದವರನ್ನೋ ಮೀನುಗಾರರ ಸಹಕಾರ ಸಂಘವನ್ನೋ ಕೇಳಿ ಒಪ್ಪಿಗೆ ಪಡೆಯಿರಿ. ಮರಿ ಬಿತ್ತಿದವರ ದುಡಿಮೆ ಅದು. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಅದುಮಿಬಿಡಿ. ಹಿಡಿದ ಗೆಂಡೆಯನ್ನು ಮಾತ್ರ ಯಾವ ಕಾರಣಕ್ಕೂ ಬೇರೆ ಹೊಳೆಗೆ ಒಯ್ದು ಬಿಡಬೇಡಿ.