ಫ್ಯಾನ್ ತಿರುಗದ ಬೈಕು ಮತ್ತು ನೂರು ವರ್ಷದ ಕಥೆ

ಬೈಕಿನ ರೇಡಿಯೇಟರ್ ಫ್ಯಾನ್ ತಿರುಗುತ್ತಿಲ್ಲ ಅಂತ ಹೇಳಿ ನೋಡಿ. ಒಬ್ಬರು "ಫ್ಯೂಸ್ ನೋಡಿ ಸಾರ್" ಅಂತಾರೆ. ಇನ್ನೊಬ್ಬರು "ಸೆನ್ಸರ್ ಹೋಗಿರತ್ತೆ" ಅಂತಾರೆ. ಮತ್ತೊಬ್ಬರು ಏನೂ ನೋಡದೆ "ಪೂರ್ತಿ ಫ್ಯಾನ್ ಚೇಂಜ್ ಮಾಡ್ಬೇಕು" ಅಂತ ಬಿಲ್ ಪುಸ್ತಕ ತೆಗೀತಾರೆ! ಅಂಗೈಯಗಲದ ಆ ಫ್ಯಾನಿನ ಹಿಂದೆ ಬ್ಯಾಟರಿ, ಫ್ಯೂಸ್, ರಿಲೇ, ಸೆನ್ಸರ್, ಕಂಪ್ಯೂಟರ್ ಅಂತ ದೊಡ್ಡ ಸಾಲೇ ನಿಂತಿದೆ. ಈ ಸಾಲು ಒಂದೇ ದಿನ ಹುಟ್ಟಿದ್ದಲ್ಲ, ಒಂದೊಂದು ಕಾಲದಲ್ಲಿ ಒಬ್ಬೊಬ್ಬರು ಬಂದು ಸೇರಿಕೊಂಡಿದ್ದು. ಯಾರು ಯಾವಾಗ ಬಂದರು ಅಂತ ಗೊತ್ತಿದ್ದರೆ, ದೋಷ ಹುಡುಕುವ ಕೆಲಸ ಅರ್ಧ ಮುಗಿದ ಹಾಗೆ ಅನ್ನೋದು ನನ್ನ ಅನಿಸಿಕೆ.

ಮೊದಲಿಗೆ ಬಿಸಿಯ ವಿಷಯ. ಪೆಟ್ರೋಲ್ ಎಂಜಿನ್ ಸುಡುವ ಇಂಧನದ ಶಕ್ತಿಯಲ್ಲಿ ಕೆಲಸಕ್ಕೆ ಸಿಗೋದು ಸಾಮಾನ್ಯವಾಗಿ ಕಾಲು ಭಾಗದಿಂದ ಮೂರನೇ ಒಂದು ಭಾಗ. ಉಳಿದದ್ದೆಲ್ಲ ಬಿಸಿ. ಅದರಲ್ಲಿ ಒಂದಷ್ಟು ಹೊಗೆಯ ಜೊತೆ ಹೋಗುತ್ತದೆ, ಮಿಕ್ಕಿದ್ದನ್ನು ಎಂಜಿನ್ನಿನ ಮೈಯಿಂದ ಹೊರಗೆ ಹಾಕಲೇಬೇಕು. ಇದಕ್ಕೆ ಸುಲಭದ ದಾರಿ ಗಾಳಿ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳ ಎಂಜಿನ್ ಮೇಲೆ ತಟ್ಟೆ ಜೋಡಿಸಿಟ್ಟಂಥ ರೆಕ್ಕೆಗಳಿದ್ದವಲ್ಲ, ಅವು ಅದಕ್ಕೇ. ಬೈಕು ಓಡುತ್ತಿದ್ದರೆ ಗಾಳಿ ಬರುತ್ತದೆ, ಬಿಸಿ ಹೋಗುತ್ತದೆ. ಚೇತಕ್ ಸ್ಕೂಟರಿನ ಎಂಜಿನ್ ಕವಚದೊಳಗೆ ಇತ್ತು, ಹಾಗಾಗಿ ಎಂಜಿನ್ನಿನ ಗಾಲಿಗೇ ಬೀಸಣಿಗೆ ಕೊಟ್ಟಿದ್ದರು. ಎಂಜಿನ್ ತಿರುಗಿದರೆ ಅದೂ ತಿರುಗುತ್ತದೆ. ಎರಡರಲ್ಲೂ ತಂಪು ಮಾಡೋದಕ್ಕೆ ಒಂದೇ ಒಂದು ವೈರ್ ಬೇಕಿರಲಿಲ್ಲ.

ನೀರಿನಿಂದ ತಂಪು ಮಾಡುವ ಉಪಾಯವೂ ಹೊಸದೇನಲ್ಲ. ಇಂಗ್ಲೆಂಡಿನ ಯಾರ್ಕ್‌ಷೈರಿನ ಆಲ್‌ಫ್ರೆಡ್ ಆಂಗಸ್ ಸ್ಕಾಟ್ 1908ರಲ್ಲೇ ತನ್ನ ಬೈಕಿಗೆ ನೀರು ತುಂಬಿಸಿದ್ದ. ಪಂಪು ಇಲ್ಲ, ಫ್ಯಾನೂ ಇಲ್ಲ! ಬಿಸಿಯಾದ ನೀರು ಹಗುರಾಗಿ ರೇಡಿಯೇಟರಿನ ಮೇಲಕ್ಕೆ ಏರುತ್ತದೆ, ಅಲ್ಲಿ ತಣಿದು ಭಾರವಾಗಿ ಕೆಳಗೆ ಇಳಿಯುತ್ತದೆ. ಬಚ್ಚಲು ಮನೆಯ ಹಂಡೆಯಲ್ಲಿ ನಡೆಯೋದೂ ಇದೇ. ಕರೆಂಟ್ ಇಲ್ಲದ ಮೇಲೆ ಕರೆಂಟಿನ ದೋಷ ಎಲ್ಲಿಂದ ಬರಬೇಕು?

ಕರೆಂಟ್ ಬಂದದ್ದು ಜಪಾನಿನವರ ಕಾಲಕ್ಕೆ. 1971ರಲ್ಲಿ ಸುಜುಕಿ ಜಿಟಿ750 ಅನ್ನೋ ಮೂರು ಸಿಲಿಂಡರಿನ ದೈತ್ಯ ಬಂತು. ನೀರು ಕುಡಿದು ಓಡುವ ಈ ಭಾರೀ ಬೈಕಿಗೆ ಅಮೆರಿಕದವರು ಇಟ್ಟ ಅಡ್ಡಹೆಸರು ನೀರೆಮ್ಮೆ! ಬ್ರಿಟಿಷರು ಮಾತ್ರ ಚಹಾದ ಕೆಟಲ್ ಅಂದರು (ಅವರವರ ಚಿಂತೆ ಅವರಿಗೆ). ನೀರೆಮ್ಮೆಯ ಮೊದಲ ಮಾದರಿಗಳಲ್ಲಿ ರೇಡಿಯೇಟರಿಗೆ ಕರೆಂಟಿನ ಫ್ಯಾನ್ ಇತ್ತು, ಮುಂದೆ ಅದನ್ನು ಕೈಬಿಟ್ಟರು. 1975ರ ಹೋಂಡಾ ಗೋಲ್ಡ್‌ವಿಂಗಿನಲ್ಲೂ ನೀರಿನ ಜೊತೆ ಫ್ಯಾನ್ ಬಂತು. ಬೈಕು ಓಡುವಾಗ ಅದರ ಅಗತ್ಯವೇ ಇಲ್ಲ. ಅದು ಬೇಕಾಗಿದ್ದು ಸಿಗ್ನಲ್ಲಿನಲ್ಲಿ ನಿಂತಾಗ. ಅಂದರೆ ಫ್ಯಾನ್ ಅನ್ನೋದು ಟ್ರಾಫಿಕ್ ಜಾಮಿನ ಕೂಸು!

ಆ ಕಾಲದ ಫ್ಯಾನಿಗೆ ಯಜಮಾನ ಒಂದು ಉಷ್ಣ ಸ್ವಿಚ್. ಬಿಸಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಪಟ್ಟಿ ಅದರೊಳಗೆ. ನೀರಿನ ಬಿಸಿ ನೂರು ಡಿಗ್ರಿಯ ಆಸುಪಾಸಿಗೆ ಬಂದರೆ ಪಟ್ಟಿ ಬಾಗಿ ಸಂಪರ್ಕ ಕೂಡುತ್ತದೆ, ತಣಿದರೆ ಬಿಡುತ್ತದೆ. ಇದನ್ನು ಪರೀಕ್ಷಿಸೋದೂ ಸುಲಭ. ಸ್ವಿಚ್ಚಿನ ಎರಡು ವೈರ್ ಒಂದಕ್ಕೊಂದು ಮುಟ್ಟಿಸಿ. ಫ್ಯಾನ್ ತಿರುಗಿದರೆ ಸ್ವಿಚ್ ಸತ್ತಿದೆ, ತಿರುಗದಿದ್ದರೆ ದೋಷ ಬೇರೆಲ್ಲೋ ಇದೆ.

ನಮ್ಮ ಕಡೆ ರೇಡಿಯೇಟರ್ ಬೈಕು ಮಾಮೂಲಿ ಜನರ ಕೈಗೆ ಬರೋ ಹೊತ್ತಿಗೆ ಕಥೆ ಬದಲಾಗಿತ್ತು. 2008ರಲ್ಲಿ ಬಂದ ಯಮಹಾ ಆರ್15ರಲ್ಲಿ ನೀರಿನ ತಂಪಿನ ಜೊತೆಗೇ ಇಂಧನ ಇಂಜೆಕ್ಷನ್ನೂ ಬಂತು. ಇಂಜೆಕ್ಷನ್ ಬಂದ ಕಡೆಯೆಲ್ಲ ಕಂಪ್ಯೂಟರಿಗೆ ಎಂಜಿನ್ ಎಷ್ಟು ಬಿಸಿಯಿದೆ ಅಂತ ಗೊತ್ತಾಗಬೇಕು, ಅದಕ್ಕೊಂದು ಸೆನ್ಸರ್. ಈ ಸೆನ್ಸರ್ ಸ್ವಿಚ್ಚಿನ ಹಾಗೆ ಹೌದು-ಅಲ್ಲ ಅನ್ನೋದಿಲ್ಲ. ಬಿಸಿ ಏರಿದಂತೆ ಅದರ ರೋಧ ಇಳಿಯುತ್ತಾ ಹೋಗುತ್ತದೆ. ತಣ್ಣಗಿದ್ದಾಗ ಸಾಮಾನ್ಯವಾಗಿ ಸಾವಿರಗಟ್ಟಲೆ ಓಮ್, ಕುದಿಯುವ ಬಿಸಿಯಲ್ಲಿ ಬರೀ ನೂರರ ಲೆಕ್ಕ. ಬಿಚ್ಚಿ ಬಿಸಿನೀರಿನಲ್ಲಿ ಇಳಿಬಿಟ್ಟು ಮಲ್ಟಿಮೀಟರಿನಲ್ಲಿ ಅಳೆದು, ಕೈಪಿಡಿಯ ಅಂಕಿಗೆ ಹೋಲಿಸಬಹುದು. ಈಗಿನ ಹೆಚ್ಚಿನ ಬೈಕುಗಳಲ್ಲಿ ಫ್ಯಾನಿನ ರಿಲೇಗೆ ಅಪ್ಪಣೆ ಕೊಡೋದು ಆ ಕಂಪ್ಯೂಟರೇ. ಇಲ್ಲೇ ಎಚ್ಚರ ಬೇಕು. ಹಳೇ ಸ್ವಿಚ್ ಅಂದುಕೊಂಡು ಸೆನ್ಸರ್ ವೈರಿಗೆ ಬ್ಯಾಟರಿಯ ಹನ್ನೆರಡು ವೋಲ್ಟ್ ಮುಟ್ಟಿಸಿದರೆ, ಹೋಗೋದು ಫ್ಯಾನ್ ಅಲ್ಲ, ಕಂಪ್ಯೂಟರ್!

ಹಾಗಾದರೆ ಹಳೇ ಕಾಲದ ವಿದ್ಯೆಯೆಲ್ಲ ವ್ಯರ್ಥವಾ? ಇಲ್ಲ ಅನ್ನೋದಕ್ಕೆ ನಾನು ಕಂಡ ಒಂದು ಪ್ರಸಂಗ ಹೇಳ್ತೀನಿ. ಮಳೆಗಾಲ ಮುಗಿದ ಮೇಲೆ ಗೆಳೆಯನ ಬೈಕಿನ ಫ್ಯಾನ್ ನಿಂತುಹೋಯಿತು. ಸರ್ವೀಸ್ ಸೆಂಟರಿನಲ್ಲಿ ಫ್ಯಾನಿನ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರು. ಹನ್ನೆರಡು ವೋಲ್ಟ್ ತೋರಿಸ್ತು. "ಕರೆಂಟ್ ಬರ್ತಿದೆ, ಫ್ಯಾನೇ ಹೋಗಿದೆ" ಅಂದರು. ಅಲ್ಲಿಂದ ಯೆಜ್ಡಿ ರಿಪೇರಿ ಮಾಡುತ್ತಲೇ ತಲೆ ಹಣ್ಣಾದ ಒಬ್ಬ ಮೇಸ್ತ್ರಿ ಹತ್ತಿರ ಹೋದೆವು. ಅವರ ಉಪಕರಣ ಎರಡು ವೈರ್ ಬೆಸೆದ ಇಂಡಿಕೇಟರ್ ಬಲ್ಬು, ಅಷ್ಟೇ. ಎಂಜಿನ್ ಬಿಸಿಯಾದ ಮೇಲೆ ಅದನ್ನು ಅದೇ ಕನೆಕ್ಟರಿಗೆ ಹಿಡಿದರು. ಬಲ್ಬು ಮಿಣಮಿಣ ಅಂತು. ನೆಗೆಟಿವ್ ತುದಿಯನ್ನು ತೆಗೆದು ನೇರ ಬ್ಯಾಟರಿಯ ನೆಗೆಟಿವ್‌ಗೆ ಹಿಡಿದರು, ಝಗ್ ಅಂತ ಉರಿಯಿತು. "ಅರ್ತ್ ಕೆಟ್ಟಿದೆ ಕಣಪ್ಪಾ" ಅಂದರು. ಚಾಸಿಗೆ ಬೋಲ್ಟ್ ಹಾಕಿದ ಜಾಗದಲ್ಲಿ ಹಸಿರು ಕಿಲುಬು ಕಟ್ಟಿತ್ತು. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿದ ಮೇಲೆ ಫ್ಯಾನ್ ತಿರುಗಿತು.

ಇದರಲ್ಲಿ ಮಾಯಮಂತ್ರ ಏನೂ ಇಲ್ಲ. ಮಲ್ಟಿಮೀಟರ್ ಕರೆಂಟನ್ನು ಎಳೆಯೋದೇ ಇಲ್ಲ ಅನ್ನಬಹುದು. ಕರೆಂಟ್ ಹರಿಯದಿದ್ದರೆ ಕಿಲುಬಿನಲ್ಲಿ ವೋಲ್ಟೇಜ್ ಕಳೆದುಹೋಗೋದಿಲ್ಲ, ಹನ್ನೆರಡಕ್ಕೆ ಹನ್ನೆರಡೂ ಕಾಣಿಸುತ್ತದೆ. ಬಲ್ಬು ಕರೆಂಟ್ ಎಳೆಯುತ್ತದೆ. ಒಂದು ಓಮ್ ಕಿಲುಬಿನಲ್ಲಿ ಮೂರು ಆಂಪಿಯರ್ ಹರಿಯಬೇಕು ಅಂದರೆ ಮೂರು ವೋಲ್ಟ್ ಅಲ್ಲೇ ಮಾಯ. ಮೀಟರಿನಲ್ಲೂ ಇದನ್ನು ಹಿಡಿಯಬಹುದು, ಆದರೆ ಕನೆಕ್ಟರ್ ಬಿಚ್ಚದೆ, ಭಾರ ಹೊತ್ತಿರುವಾಗಲೇ ಅಳೆಯಬೇಕು.

ಹಾಗಾಗಿ ನನ್ನ ಸಾಲು ಇದು. ಮೊದಲು ಎಂಜಿನ್ ತಣಿಯಲಿ. ಒತ್ತಡದಲ್ಲಿ ನೀರು ನೂರು ಡಿಗ್ರಿ ದಾಟಿರುತ್ತದೆ, ಬಿಸಿಯಲ್ಲಿ ರೇಡಿಯೇಟರ್ ಮುಚ್ಚಳ ತೆಗೆದರೆ ಮುಖ ಬೆಂದೀತು. ಆಮೇಲೆ ನೀರಿನ ಮಟ್ಟ, ಫ್ಯೂಸ್. ಫ್ಯಾನನ್ನು ಕನೆಕ್ಟರಿನಿಂದ ಬೇರೆ ಮಾಡಿ ನೇರ ಬ್ಯಾಟರಿಗೆ ಕೊಟ್ಟು ನೋಡೋದು. ಅದು ತಿರುಗಿದರೆ ಅರ್ತ್, ರಿಲೇ. ಕಟ್ಟಕಡೆಗೆ ಸೆನ್ಸರ್, ಕಂಪ್ಯೂಟರ್. ಹಳಬರಿಂದ ಹೊಸಬರ ಕಡೆಗೆ ಹೋಗೋದು, ಅಗ್ಗದ್ದರಿಂದ ದುಬಾರಿಯದರ ಕಡೆಗೂ ಹೌದು.

2018ರಲ್ಲಿ ಮರಳಿ ಬಂದ ಜಾವಾಕ್ಕೂ, 2022ರಲ್ಲಿ ಬಂದ ಯೆಜ್ಡಿಗೂ ಈಗ ರೇಡಿಯೇಟರ್ ಇದೆ. 2023ರ ಹೊಸ ಹಿಮಾಲಯನ್‌ನೊಂದಿಗೆ ರಾಯಲ್ ಎನ್‌ಫೀಲ್ಡ್ ಕೂಡ ನೀರಿಗೆ ಇಳಿಯಿತು. ಕಂಪ್ಯೂಟರಿನ ದೋಷಸಂಖ್ಯೆಗಳಿಗೆ ಕೈಪಿಡಿ ಇದೆ, ಅದು ಕಳೆದುಹೋಗೋದಿಲ್ಲ. ಬಲ್ಬು ಹಿಡಿದು ಅರ್ತ್ ಹುಡುಕುವ ವಿದ್ಯೆ ಮಾತ್ರ ಮೇಸ್ತ್ರಿಗಳ ಬಾಯಲ್ಲಿ, ಬೆರಳಲ್ಲಿ ಉಳಿದಿದೆ. ನಿಮ್ಮೂರಲ್ಲಿ ಅಂಥವರು ಇದ್ದರೆ ಒಂದು ಮಧ್ಯಾಹ್ನ ಹೋಗಿ ಪಕ್ಕದಲ್ಲಿ ಕೂತ್ಕೊಳ್ಳಿ. ಅವರು ಹೇಳಿದ್ದನ್ನು ಬರೆದಿಡಿ, ಕನ್ನಡದಲ್ಲೇ.