ಮುಳುಗಿದ ಸೈಫನ್

ಬ್ಲಾಕ್ ಡಯಾಗ್ರಾಂ ಎಂದರೆ ಒಂದಿಷ್ಟು ಚೌಕ, ಬಾಣ. ಫಲಿತಾಂಶವನ್ನು ಹೊತ್ತು ಆರಂಭಕ್ಕೆ ಮರಳುವ ಬಾಣವೇ ಫೀಡ್‌ಬ್ಯಾಕ್. ಬೆಳಕೆಯವನಾದ ನನಗೆ ಅದರ ಒಳ್ಳೆಯ ಉದಾಹರಣೆ ಸಿಕ್ಕಿದ್ದು ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಯಲ್ಲೇ.

ಘಟ್ಟದ ಮೇಲೆ, ಜೋಗದ ವಿದ್ಯುತ್ತಿಗಾಗಿ 1940ರ ದಶಕದಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. ಅಲ್ಲಿನ ಸೈಫನ್‌ಗಳು ಮೈಸೂರಿನ ಇಂಜಿನಿಯರ್ ಗಣೇಶ್ ಅಯ್ಯರ್ ಅವರ ಕಲ್ಪನೆ. ಗೇಟು ಬೇಡ, ಕಾಯುವ ಆಳೂ ಬೇಡ. ಅಂಚು ಮೀರಿದ ನೀರು ಸುಳಿಯಾಗಿ ಇಳಿಯುತ್ತ ಒಳಗಿನ ಗಾಳಿಯನ್ನೂ ಎಳೆದೊಯ್ಯುತ್ತದೆ. ಸೈಫನ್ ತುಂಬಿ ಭೋರ್ಗರೆಯುತ್ತದೆ. ಮಟ್ಟ ಇಳಿದರೆ ಗಾಳಿ ನುಗ್ಗಿ ಹರಿವು ನಿಲ್ಲುತ್ತದೆ. ಅಳೆಯುವ, ನಿರ್ಧರಿಸುವ, ಮಾಡುವ ಚೌಕಗಳು ಮೂರೂ ಒಂದೇ ಗುಮ್ಮಟದೊಳಗೆ!

1964ರಲ್ಲಿ ಬಂದ ಲಿಂಗನಮಕ್ಕಿ ಇದನ್ನು ಮುಳುಗಿಸಿತು. ಅದಕ್ಕೆ ಗೇಟುಗಳಿವೆ, ಎತ್ತುವ ನಿರ್ಧಾರ ಮನುಷ್ಯರದು. ಮಳೆಗಾಲದಲ್ಲಿ ಗೇರುಸೊಪ್ಪೆಯ ಕೆಳಗಿನ ಊರುಗಳು ಆ ಸುದ್ದಿಗೆ ಕಿವಿಗೊಟ್ಟಿರುತ್ತವೆ. ನೀರು ತೀರ ಇಳಿದ ಬೇಸಿಗೆಯಲ್ಲಿ ಮಾತ್ರ ಹಳೆಯ ಅಣೆಕಟ್ಟು ತಲೆಯೆತ್ತುತ್ತದೆ.